ಬಿಟ್ಟೆ ಅಂದರೆ ಬಿಟ್ಟುಬಿಟ್ಟೆ ಅಂತಲ್ಲ

ಜರ್ಮನಿಗೆ ಹೊರಟವರು, ಹೊರಡಬೇಕು ಅಂದುಕೊಂಡವರು, ಮಗಳು ಓದೋಕೆ ಹೊರಟಿದ್ದಾಳೆ ಅಂತ ಗಾಬರಿಯಾದ ಅಪ್ಪ ಅಮ್ಮಂದಿರು, ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ದಿನಾ ಬಳಸೋ ಜರ್ಮನ್ ಪದಗಳದ್ದು ಒಂದು ಪಟ್ಟಿ ಕಳಿಸ್ತೀರಾ? ಪಕ್ಕದಲ್ಲಿ ಕನ್ನಡ ಅರ್ಥ ಬರೆದುಬಿಡಿ. ಒಂದು ಐವತ್ತು ಪದ ಇದ್ರೆ ಸಾಕು."

ಮೊದಮೊದಲು ಕಳಿಸುತ್ತಿದ್ದೆ. ಈಗ ಕಳಿಸುವುದಿಲ್ಲ. ಸೋಮಾರಿತನ ಅಂತ ಕೆಲವರು ಅಂದುಕೊಂಡಿದ್ದಾರೆ. ಅದೂ ಸ್ವಲ್ಪ ಇದೆ ಅನ್ನಿ. ಆದರೆ ನಿಜವಾದ ತೊಂದರೆ ಆ ಪಟ್ಟಿಯ ಮೊದಲ ಸಾಲಿನಲ್ಲೇ ಇತ್ತು. ಅಲ್ಲಿ ನಾನು ಬರೆದಿದ್ದು: ಬಿಟ್ಟೆ = ದಯವಿಟ್ಟು.

ನಾನಿರುವುದು ಸ್ಟುಟ್‌ಗಾರ್ಟ್‌ನಲ್ಲಿ. ನಮ್ಮ ಬೀದಿಯ ತಿರುವಿನಲ್ಲಿ ಒಂದು ಬೇಕರಿ ಇದೆ. ಬಂದ ಹೊಸದರಲ್ಲಿ ಒಂದು ಶನಿವಾರ ಬೆಳಗ್ಗೆ ಅಲ್ಲಿಗೆ ಹೋದೆ. ನನ್ನ ಸರದಿ ಬಂತು. ಕೌಂಟರಿನ ಹಿಂದಿದ್ದ ಹೆಂಗಸು ನನ್ನ ಕಡೆ ತಿರುಗಿ "ಬಿಟ್ಟೆ?" ಅಂದರು. ಪಟ್ಟಿಯ ಪ್ರಕಾರ ಅವರು ನನಗೆ "ದಯವಿಟ್ಟು?" ಅಂದಿದ್ದಾರೆ. ಏನು ದಯವಿಟ್ಟು? ನಾನು ಗಾಜಿನ ಒಳಗಿದ್ದ ಬ್ರೆಟ್ಸೆಲ್ ಕಡೆ ಕೈ ತೋರಿಸಿ ಏನೋ ಗೊಣಗಿದೆ. ಬ್ರೆಟ್ಸೆಲ್ ಅಂದರೆ ಕೈ ಕಟ್ಟಿಕೊಂಡು ನಿಂತ ಹಾಗೆ ಕಾಣುವ, ಮೇಲೆ ಕಲ್ಲುಪ್ಪು ಉದುರಿಸಿದ ಕಂದು ಬಣ್ಣದ ಬ್ರೆಡ್ಡು. ಅವರಿಗೆ ಕೇಳಿಸಲಿಲ್ಲ. "ವೀ ಬಿಟ್ಟೆ?" ಅಂದರು. ಗಂಟಲು ಸರಿ ಮಾಡಿಕೊಂಡು ಮತ್ತೆ ಹೇಳಿದೆ. ಕಾಗದದ ಚೀಲಕ್ಕೆ ಹಾಕಿ ನನ್ನ ಮುಂದೆ ಚಾಚಿ "ಬಿಟ್ಟೆ ಶ್ಯೋನ್" ಅಂದರು. ನಾನು "ಡಾಂಕೆ" ಅಂದೆ, ಥ್ಯಾಂಕ್ಸ್ ಅಂತ. ಅದಕ್ಕೂ "ಬಿಟ್ಟೆ" ಅಂದರು.

ಒಂದು ನಿಮಿಷದಲ್ಲಿ ನಾಲ್ಕು ಬಿಟ್ಟೆ. ಒಂದಾದರೂ ದಯವಿಟ್ಟು ಆಗಿದ್ದರೆ ಕೇಳಿ. ಮೊದಲನೆಯದು "ಹೇಳಿ, ಏನ್ ಕೊಡ್ಲಿ?". ಎರಡನೆಯದು "ಏನಂದ್ರಿ?". ಮೂರನೆಯದು "ತಗೊಳ್ಳಿ". ನಾಲ್ಕನೆಯದು "ಅಯ್ಯೋ, ಇರ್ಲಿ ಬಿಡಿ".

ದಯವಿಟ್ಟು ಅನ್ನುವ ಬಿಟ್ಟೆ ಹೇಳಬೇಕಾಗಿದ್ದವನು ನಾನು. "ಐನೆ ಬ್ರೆಟ್ಸೆಲ್, ಬಿಟ್ಟೆ" ಅನ್ನಬೇಕಿತ್ತು. ಸುಮ್ಮನೆ "ಒಂದು ಬ್ರೆಟ್ಸೆಲ್" ಅಂದರೆ ಇಲ್ಲಿಯವರ ಕಿವಿಗೆ ಅಪ್ಪಣೆ ಮಾಡಿದ ಹಾಗೆ ಕೇಳಿಸುತ್ತದೆ. ನಾವು ಕನ್ನಡದವರು ಇದನ್ನು ಮರೆಯುವುದಕ್ಕೆ ಒಂದು ಕಾರಣ ಇದೆ. ನಮ್ಮ ಮರ್ಯಾದೆ ಇರುವುದು ಕ್ರಿಯಾಪದದ ಬಾಲದಲ್ಲಿ. "ಎರಡು ಇಡ್ಲಿ ಕೊಡಿ" ಅಂದರೆ ಆ "ಕೊಡಿ"ಯಲ್ಲೇ ಎಲ್ಲಾ ಮುಗಿಯಿತು. ದರ್ಶಿನಿಯಲ್ಲಿ ನಿಂತು "ದಯವಿಟ್ಟು ಎರಡು ಇಡ್ಲಿ" ಅಂದು ನೋಡಿ, ಕೌಂಟರಿನವನು ಒಂದು ಕ್ಷಣ ನಿಮ್ಮ ಮುಖ ನೋಡುತ್ತಾನೆ.

ಹಾಗಾಗಿ ನನ್ನ ಉತ್ತರ ಇಷ್ಟು. ಮೇಜು, ಕುರ್ಚಿ, ಹಾಲು, ಮೊಸರು ಇವಕ್ಕೆ ಪಟ್ಟಿ ಬೇಕಾದರೆ ಫೋನಿನಲ್ಲೇ ಸಿಗುತ್ತದೆ. ಆದರೆ ಇಲ್ಲಿ ಬೆಳಗ್ಗಿಂದ ರಾತ್ರಿವರೆಗೆ ಕಿವಿಗೆ ಬೀಳುವ ಪುಟ್ಟ ಪುಟ್ಟ ಪದಗಳಿಗೆ ಅರ್ಥ ಹುಡುಕಬೇಡಿ. ಆ ಜಾಗದಲ್ಲಿ ನಾವು ಕನ್ನಡದಲ್ಲಿ ಏನು ಅಂತಿದ್ವಿ ಅಂತ ಯೋಚಿಸಿ. ಇಂಗ್ಲಿಷಿನ ಮೂಲಕ ಹೋದವರಿಗಿಂತ ನಮಗೆ ಇದು ಸುಲಭ. ಯಾಕೆ ಅಂತ ಹೇಳುತ್ತೇನೆ.

ದೊಖ್ ಅಂತ ಒಂದು ಪದ ಇದೆ. ಕೊನೆಯ "ಖ್" ಗಂಟಲು ಕೆರೆದ ಹಾಗೆ ಬರಬೇಕು. ಇದನ್ನು ನಾನು ಕಲಿತಿದ್ದು ಒಬ್ಬ ಡಾಕ್ಟರ ಕ್ಲಿನಿಕ್ಕಿನಲ್ಲಿ. ರಿಸೆಪ್ಷನ್ನಿನಲ್ಲಿದ್ದವರು ಕಂಪ್ಯೂಟರ್ ನೋಡುತ್ತಾ "ನಿಮ್ಮದು ಟೆರ್ಮೀನ್ ಇಲ್ಲ ಅಲ್ವಾ?" ಅಂತ ಜರ್ಮನಿನಲ್ಲಿ ಕೇಳಿದರು. ಟೆರ್ಮೀನ್ ಅಂದರೆ ಮೊದಲೇ ಗೊತ್ತು ಮಾಡಿಕೊಂಡ ಸಮಯ. ಡಾಕ್ಟರು, ಬ್ಯಾಂಕು, ಸರ್ಕಾರಿ ಕಚೇರಿ, ಎಷ್ಟೋ ಕಡೆ ಕ್ಷೌರದಂಗಡಿಗೂ ಟೆರ್ಮೀನ್ ಬೇಕು. ನನ್ನದು ಇತ್ತು. "ಇದೆ" ಅನ್ನುವ ಅರ್ಥದಲ್ಲಿ "ಯಾ" ಅಂದೆ. ಅವರು "ಹೌದು, ಇಲ್ಲ" ಅಂತ ತಿಳಿದುಕೊಂಡರು. ತಲೆಯಾಡಿಸಿ ಕುರ್ಚಿ ತೋರಿಸಿದರು. ನನಗಿಂತ ಆಮೇಲೆ ಬಂದವರೆಲ್ಲ ಒಳಗೆ ಹೋಗಿ ಹೊರಗೆ ಬಂದರು. ನಾನು ಗೋಡೆಯ ಮೇಲಿದ್ದ ಕಿವಿಯ ಚಿತ್ರ ನೋಡುತ್ತಾ ಒಂದು ಗಂಟೆಗೂ ಜಾಸ್ತಿ ಕೂತಿದ್ದೆ.

ನಾನು ಅನ್ನಬೇಕಿದ್ದದ್ದು "ದೊಖ್". ಯಾರಾದರೂ "ಇಲ್ಲ" ಅಂತ ಹೇಳಿದಾಗಲೋ ಕೇಳಿದಾಗಲೋ "ಇದೆಯಲ್ಲ!" ಅಂತ ತಿರುಗಿ ಹೇಳೋಕೆ ಇರುವ ಪದ ಅದು. ಇಂಗ್ಲಿಷಿನಲ್ಲಿ ಇದಕ್ಕೆ ಸರಿಯಾದ ಒಂದು ಪದ ಇಲ್ಲ. ಅದಕ್ಕೇ ಇಂಗ್ಲಿಷ್ ಪಾಠದ ಪುಸ್ತಕಗಳು ದೊಖ್ ವಿವರಿಸೋಕೆ ಪುಟಗಟ್ಟಲೆ ಒದ್ದಾಡುತ್ತವೆ. ನಮಗೆ ಒಂದು "ಅಲ್ಲ" ಸಾಕು. "ಊಟ ಆಗ್ಲಿಲ್ವಾ?" "ಆಯ್ತಲ್ಲ!" ಅದು ದೊಖ್. "ಹೇಳಿದ್ನಲ್ಲ ಆಗ್ಲೇ!" ಅದೂ ದೊಖ್: "ದಾಸ್ ಹಾಬ್ ಇಶ್ ದೊಖ್ ಗೆಜಾಗ್ಟ್!" ಜಗಳದಲ್ಲಿ ಇದನ್ನು ಕೇಳಿದರೆ ನಮ್ಮನೆಯ ಅಡುಗೆಮನೆಯಲ್ಲಿ ನಿಂತ ಹಾಗೇ ಇರುತ್ತದೆ.

ಮಾಲ್ ಇನ್ನೂ ಚೆನ್ನಾಗಿದೆ. ಅದು "ಐನ್‌ಮಾಲ್" ಅನ್ನುವುದರ ಗಿಡ್ಡ ರೂಪ. ಐನ್‌ಮಾಲ್ ಅಂದರೆ ಒಂದು ಸಲ. "ಶಾವ್ ಮಾಲ್" ಅಂದರೆ ಅಕ್ಷರಕ್ಕೆ ಅಕ್ಷರ "ಒಂದ್ಸಲ ನೋಡು". "ಕೊಮ್ ಮಾಲ್" ಅಂದರೆ "ಒಂದ್ಸಲ ಬಾ ಇಲ್ಲಿ". ನಾವು "ಒಂದ್ಸಲ ಬನ್ನಿ" ಅಂದರೆ ಎರಡನೇ ಸಲ ಬರಬೇಡಿ ಅಂತಲಾ? ಮಾತಿನ ಗಡಸು ಕಡಿಮೆಯಾಗಲಿ ಅಂತ ಸೇರಿಸುತ್ತೇವೆ. ಅವರೂ ಅಷ್ಟೇ. ಬರೀ "ಕೊಮ್!" ನಾಯಿಗೆ ಹೇಳಿದ ಹಾಗೆ. "ಕೊಮ್ ಮಾಲ್" ಮನುಷ್ಯರಿಗೆ. ಇದನ್ನು ನನಗೆ ಯಾವ ಮೇಷ್ಟ್ರೂ ಹೇಳಿಕೊಡಲಿಲ್ಲ. ಆಫೀಸಿನಲ್ಲಿ ಪಕ್ಕದ ಮೇಜಿನವನು ದಿನಕ್ಕೆ ಹತ್ತು ಸಲ ಅನ್ನುತ್ತಿದ್ದ, ಒಂದು ದಿನ ತಟ್ಟಂತ ಹೊಳೆಯಿತು.

ಹಾಲ್ಟ್ ಮತ್ತು ಶೋನ್ ಕೂಡ ಇದೇ ಜಾತಿ. ಶೋನ್ ಅಂದರೆ ನಿಘಂಟಿನಲ್ಲಿ "ಆಗಲೇ". ಆದರೆ ಪರೀಕ್ಷೆಗೆ ಹೊರಟವನ ಬೆನ್ನು ತಟ್ಟಿ "ದಾಸ್ ವಿರ್ಟ್ ಶೋನ್" ಅಂದರೆ "ಆಗತ್ತೆ ಬಿಡೋ". ಹಾಲ್ಟ್ ಅಂದರೆ "ನಿಲ್ಲು" ಅನ್ನುವ ಅರ್ಥವೂ ಇದೆ. ಆದರೆ ಟ್ರೇನ್ ತಡ ಅಂತ ಬೋರ್ಡು ನೋಡಿ ಅಜ್ಜಿ ಒಬ್ಬರು ಭುಜ ಕುಣಿಸಿ "ದಾಸ್ ಇಸ್ಟ್ ಹಾಲ್ಟ್ ಜೋ" ಅಂದರೆ "ಅದು ಹಾಗೇ ಬಿಡಿ, ಏನ್ ಮಾಡೋದು". ಇಲ್ಲಿಯ ಟ್ರೇನುಗಳು ಗಡಿಯಾರದ ಹಾಗೆ ಓಡುತ್ತವೆ ಅಂತ ಊರಲ್ಲಿ ಕೇಳಿ ಬಂದವರಿಗೆ ಈ ವಾಕ್ಯ ಬೇಗ ಬೇಕಾಗುತ್ತದೆ. ಈ ಹಾಲ್ಟ್ ದಕ್ಷಿಣದವರ ಬಾಯಲ್ಲಿ ಜಾಸ್ತಿ.

ಆಗತ್ತೆ ಬಿಡು, ಹಾಗೇ ಬಿಡು, ಇರ್ಲಿ ಬಿಡು. ನಾವು ಇಷ್ಟೊಂದು ಸಲ ಏನನ್ನು ಬಿಡುತ್ತಿದ್ದೇವೆ? ಏನನ್ನೂ ಇಲ್ಲ. ಇದನ್ನು ಒಬ್ಬ ಜರ್ಮನ್‌ಗೆ ವಿವರಿಸಿ ನೋಡಿ, ಆಗ ಗೊತ್ತಾಗುತ್ತದೆ ನಮಗೆ ದೊಖ್ ಹೇಳಿಕೊಡುವುದು ಅವರಿಗೆ ಎಷ್ಟು ಕಷ್ಟ ಅಂತ. ಇಂಥ ಕಷ್ಟ ಜೀವಮಾನ ಪೂರ್ತಿ ಪಟ್ಟವರು ಒಬ್ಬರಿದ್ದರು. ಫರ್ಡಿನಾಂಡ್ ಕಿಟ್ಟೆಲ್. 1832ರಲ್ಲಿ ಉತ್ತರ ಜರ್ಮನಿಯಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನಿಂದ ನಮ್ಮ ಕಡೆ ಬಂದು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ದೊಡ್ಡ ನಿಘಂಟು ಕೊಟ್ಟವರು. ಸುಮಾರು 70,000 ಪದ. ಕೆಲಸ ಮಾಡಿದವರು ಜರ್ಮನ್, ಪದ ಕನ್ನಡ, ಅರ್ಥ ಬರೆದದ್ದು ಇಂಗ್ಲಿಷಿನಲ್ಲಿ! ಬರೀ ಅರ್ಥ ಕೊಟ್ಟರೆ ಸಾಲದು ಅಂತ ಅವರಿಗೂ ಗೊತ್ತಿತ್ತು ಅಂತ ಕಾಣುತ್ತದೆ, ಕಾವ್ಯದ ಸಾಲು, ಗಾದೆ ಎಲ್ಲವನ್ನೂ ತಂದು ಪಕ್ಕದಲ್ಲಿ ಕೂರಿಸಿದರು. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಅವರ ಪ್ರತಿಮೆ ಇದೆ. ಅವರು ತೀರಿಕೊಂಡದ್ದು 1903ರಲ್ಲಿ, ಟ್ಯೂಬಿಂಗನ್‌ನಲ್ಲಿ. ನಾನಿರುವ ಸ್ಟುಟ್‌ಗಾರ್ಟ್‌ನಿಂದ ಟ್ರೇನಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆಯ ದಾರಿ, ಟ್ರೇನ್ ಬಂದರೆ.

ಪದಗಳಿಗೆ ವಾಪಸ್ ಬರೋಣ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಆಫೀಸಿನ ಕಾರಿಡಾರಿನಲ್ಲಿ ಎದುರು ಬಂದವರು "ಮಾಲ್‌ತ್ಸೈಟ್!" ಅನ್ನುತ್ತಾರೆ. ಅರ್ಥ ನೋಡಿದರೆ "ಊಟ". ಮೊದಲ ಸಲ ನಾನು ನಿಂತು, ಇಲ್ಲ ನನ್ನದು ಇನ್ನೂ ಆಗಿಲ್ಲ, ಒಂದು ಗಂಟೆಗೆ ಹೋಗ್ತೀನಿ, ಡಬ್ಬಿ ತಂದಿದೀನಿ ಅಂತ ಹರಕು ಜರ್ಮನಿನಲ್ಲಿ ವಿವರವಾಗಿ ಹೇಳಿದೆ. ಆ ಮನುಷ್ಯ ಪಾಪ ಪೂರ್ತಿ ಕೇಳಿಸಿಕೊಂಡರು. ಅವರಂದದ್ದು ನಮ್ಮ "ಊಟ ಆಯ್ತಾ?" ಇದ್ದ ಹಾಗೆ. ಅದಕ್ಕೆ ಉತ್ತರ ಕೂಡ "ಮಾಲ್‌ತ್ಸೈಟ್" ಅಷ್ಟೇ. ಅನ್ನ ಸಾರಿನ ವಿಷಯ ಯಾರಿಗೂ ಬೇಡ.

ಸಂಜೆಗೆ ಫೈಯರ್‌ಆಬೆಂಟ್. ಫೈಯರ್ ಅಂದರೆ ಹಬ್ಬ, ಸಂಭ್ರಮ. ಆಬೆಂಟ್ ಅಂದರೆ ಸಂಜೆ. ಎರಡೂ ಸೇರಿದರೆ ಕೆಲಸ ಮುಗಿದ ಹೊತ್ತು. ಬೆಳಗ್ಗೆ ಆರಕ್ಕೆ ಬಂದ ಕೆಲಸಗಾರ ಮಧ್ಯಾಹ್ನ ಎರಡಕ್ಕೆ ಹೊರಟರೂ ಅದು ಅವನ ಫೈಯರ್‌ಆಬೆಂಟ್. ಅವನಿಗೆ "ಶ್ಯೋನನ್ ಫೈಯರ್‌ಆಬೆಂಟ್" ಅಂತ ಹಾರೈಸಬೇಕು. ಅದಾದ ಮೇಲೆ ಫೋನ್ ಮಾಡಿ "ಒಂದು ಸಣ್ಣ ಡೌಟು" ಅನ್ನಬಾರದು. ಈ ಒಂದು ಪದವನ್ನು ಬೆಂಗಳೂರಿಗೆ ಪಾರ್ಸೆಲ್ ಮಾಡಬೇಕು ಅಂತ ನನಗೆ ಬಹಳ ಸಲ ಅನ್ನಿಸಿದೆ.

ಇಂಗ್ಲಿಷ್ ಬಲ್ಲವರನ್ನು ಬೀಳಿಸುವ ಪದಗಳೂ ಇವೆ. ಗಿಫ್ಟ್ ಅಂದರೆ ಇಲ್ಲಿ ವಿಷ. ಇಲಿ ಪಾಷಾಣದ ಡಬ್ಬದ ಮೇಲೆ ಬರೆದಿರುತ್ತದೆ. ಮೂಲದಲ್ಲಿ ಅದೂ "ಕೊಡುವುದು" ಅನ್ನುವುದರಿಂದಲೇ ಬಂದ ಪದ. ಹಳೇ ಅರ್ಥ ಉಳಿದಿರುವುದು "ಮಿಟ್‌ಗಿಫ್ಟ್" ಅನ್ನುವ ಪದದಲ್ಲಿ. ಜೊತೆಗೆ ಕೊಟ್ಟು ಕಳಿಸುವುದು, ಅಂದರೆ ವರದಕ್ಷಿಣೆ! ವರದಕ್ಷಿಣೆಯಲ್ಲಿ ವಿಷ ಇದೆ ಅಂತ ನಾನು ಹೇಳುತ್ತಿಲ್ಲ, ಪದವೇ ಹೇಳುತ್ತಿದೆ. ಇನ್ನು ಷೆಫ್ ಅಂದರೆ ಅಡುಗೆಯವರಲ್ಲ, ನಿಮ್ಮ ಬಾಸ್. ಹ್ಯಾಂಡಿ ಅಂದರೆ ಮೊಬೈಲು.

ಜೋಡುಪದಗಳಿಗೆ ಮಾತ್ರ ಯಾರೂ ಹೆದರಬೇಕಿಲ್ಲ. ಉದ್ದ ಇರುತ್ತವೆ, ಒಡೆದರೆ ಸುಲಭ. "ತ್ಸೊಯ್ಗ್" ಅಂದರೆ ಸಾಮಾನು. ಶ್ಪೀಲ್‌ತ್ಸೊಯ್ಗ್ ಆಟದ ಸಾಮಾನು, ನಮ್ಮದೂ ಅದೇ ತಾನೇ? ಫೊಯರ್‌ತ್ಸೊಯ್ಗ್ ಬೆಂಕಿ ಸಾಮಾನು, ಅಂದರೆ ಲೈಟರ್. ಫ್ಲೂಗ್‌ತ್ಸೊಯ್ಗ್ ಹಾರೋ ಸಾಮಾನು, ಅಂದರೆ ವಿಮಾನ. ಹಾಂಡ್‌ಶೂ ಅಂದರೆ ಕೈಗೆ ಹಾಕುವ ಶೂ, ಗ್ಲೌಸು. ಕೈಗೆ ಶೂ ಹಾಕ್ತಾರಂತೆ ಅಂತ ನನ್ನ ಸ್ನೇಹಿತ ನಕ್ಕಿದ್ದ. ನಾವು ಕಾಲಿಗೆ ಚೀಲ ಹಾಕಿ ಕಾಲುಚೀಲ ಅನ್ನುವುದಿಲ್ವಾ?

ಒಂದೇ ಒಂದು ಕಡೆ ಕನ್ನಡ ಕೈ ಕೊಡುತ್ತದೆ. ಗಂಟೆ ಹೇಳುವಾಗ. "ಹಾಲ್ಪ್ ದ್ರೈ" ಅಂದರೆ "ಅರ್ಧ ಮೂರು". ಮೂರೂವರೆ ಅಂದುಕೊಂಡು ಹೋದಿರೋ, ಕೆಟ್ಟಿರಿ. ಅದು ಎರಡೂವರೆ. ನಾವು ಕಳೆದ ಗಂಟೆಯ ಮೇಲೆ ಅರ್ಧ ಸೇರಿಸುತ್ತೇವೆ, ಅವರು ಬರುವ ಗಂಟೆಯಲ್ಲಿ ಅರ್ಧ ಆಯಿತು ಅನ್ನುತ್ತಾರೆ. ಇಲ್ಲಿ ಸ್ಟುಟ್‌ಗಾರ್ಟ್ ಕಡೆಯ ಹಳಬರು ಎರಡೂಮುಕ್ಕಾಲಿಗೆ "ಮುಕ್ಕಾಲು ಮೂರು" ಅಂತಲೂ ಅನ್ನುತ್ತಾರೆ, ಲೆಕ್ಕ ಅದೇ. ಟೆರ್ಮೀನ್ ಇದ್ದರೆ ಅಂಕಿಯಲ್ಲಿ ಬರೆಸಿಕೊಳ್ಳಿ.

ನೀನು, ನೀವು ಅನ್ನುವುದು ನಮಗೆ ಹುಟ್ಟಿನಿಂದ ಗೊತ್ತು, ಆದ್ದರಿಂದ "ದು" ಮತ್ತು "ಜೀ" ಸಲೀಸು. ಜೀ ಅಂದರೆ ನೀವು. ವ್ಯತ್ಯಾಸ ಏನೆಂದರೆ ಮನೆಯೊಳಗೆ ಇಲ್ಲಿ ಯಾರಿಗೂ ಜೀ ಇಲ್ಲ. ಅಪ್ಪನಿಗೂ ದು, ಅಜ್ಜನಿಗೂ ದು. ದೇವರಿಗೂ ದು, ಅದರಲ್ಲಿ ನಾವೂ ಒಂದೇ. ಆದರೆ ಅಂಗಡಿಯ ಹುಡುಗನಿಗೆ, ಬಸ್ ಡ್ರೈವರಿಗೆ, ಕಸ ಒಯ್ಯುವವರಿಗೆ ಜೀ ಅಂತಲೇ ಅನ್ನಬೇಕು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದು ಪೂರ್ತಿ ಉಲ್ಟಾ ಅಲ್ವಾ?

ಕಳೆದ ಬೇಸಿಗೆಯಲ್ಲಿ ಅಪ್ಪ ಬಂದಿದ್ದರು. ಅವರೂ ಅದೇ ಕೇಳಿದರು, ಒಂದು ಚೀಟಿಯಲ್ಲಿ ಹತ್ತು ಪದ ಬರೆದುಕೊಡು, ಜೇಬಲ್ಲಿ ಇಟ್ಕೋತೀನಿ ಅಂತ. ಚೀಟಿ ಕೊಡದೆ ಬೇಕರಿಗೆ ಕರೆದುಕೊಂಡು ಹೋದೆ. ನಮ್ಮ ಮುಂದೆ ನಾಲ್ಕು ಜನ ಇದ್ದರು. ಅಪ್ಪ ಕೈ ಹಿಂದೆ ಕಟ್ಟಿಕೊಂಡು ಒಬ್ಬೊಬ್ಬರನ್ನೂ ನೋಡುತ್ತಾ ನಿಂತರು. ಸರದಿ ಬಂತು. ಆ ಹೆಂಗಸು "ಬಿಟ್ಟೆ?" ಅಂದರು. ಅಪ್ಪ ಬ್ರೆಟ್ಸೆಲ್ ತೋರಿಸಿ, ಎರಡು ಬೆರಳೆತ್ತಿ, "ಎರಡು ಕೊಡು ತಾಯಿ" ಅಂದರು. ಒಂದು ಕ್ಷಣ ತಡೆದು "ಬಿಟ್ಟೆ" ಅಂತ ಸೇರಿಸಿದರು. ಚೀಲ ಬಂತು, ಜೊತೆಗೆ ಇನ್ನೊಂದು "ಬಿಟ್ಟೆ" ಬಂತು.

ಹೊರಗೆ ಬಂದ ಮೇಲೆ, ಕೊನೆಯಲ್ಲಿ ಅವರು ಅಂದದ್ದು ಬೇರೆ ಬಿಟ್ಟೆ, ಅದು "ತಗೊಳ್ಳಿ" ಅಂತ ವಿವರಿಸೋಕೆ ಹೊರಟೆ. ಅಪ್ಪ ಬ್ರೆಟ್ಸೆಲ್ ಮೇಲಿನ ಉಪ್ಪು ಕೊಡವುತ್ತಾ ಅಂದರು, "ಗೊತ್ತಾಯ್ತು ಬಿಡು."