ಅದು ಸೀಟಿ ಆಗಿರಲಿಲ್ಲ

ಬೆಳಗಾವಿಯಲ್ಲಿ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಅಂಗಡಿಯೊಂದರಲ್ಲಿ ನಾನು ಹತ್ತೊಂಬತ್ತು ವರ್ಷಗಳಿಂದ ಮಿಕ್ಸರ್ ಮುಂದೆ ಕೂಡುತ್ತಿದ್ದೇನೆ. ಗಣೇಶೋತ್ಸವ, ಮದುವೆ, ಪಕ್ಷಗಳ ಸಭೆ, ಲೋಕಾಪುರದ ಕಡೆಯ ಪಾರಿಜಾತದ ಬಯಲಾಟ, ಕಾಲೇಜುಗಳ ಫೆಸ್ಟ್, ಎಲ್ಲಕ್ಕೂ ಹೋಗುವುದು ಅದೇ ರ‍್ಯಾಕು, ಜನರತ್ತ ಮುಖ ಮಾಡಿದ ಅದೇ ಟಾಪ್ ಸ್ಪೀಕರು, ಹಾಡುವವರಿಗೆ ಅವರದೇ ದನಿ ಕೇಳಿಸಲು ಸ್ಟೇಜಿನ ಮೇಲಿಡುವ ಅದೇ ನಾಲ್ಕು ವೆಜ್ಜು. ಸ್ಪೀಕರಿನ ದನಿ ಮರಳಿ ಮೈಕಿಗೆ ಹೊಕ್ಕು ಕಿವಿ ಚುಚ್ಚುವಂತೆ ಕೂಗುವುದಕ್ಕೆ ನಾವು ಸೀಟಿ ಎನ್ನುತ್ತೇವೆ. ಈ ಅವಧಿಯಲ್ಲಿ ಸೀಟಿ ಹೊಡೆಸಿ ಬೈಸಿಕೊಂಡದ್ದು ಬೇಕಾದಷ್ಟಿದೆ. ಆದರೆ ಸೀಟಿಯೇ ಇಲ್ಲದ ಕಡೆ ಸೀಟಿ ಕೇಳಿ ಒಬ್ಬ ಹಾಡುಗಾರನ ಬಾಯಿ ಕಟ್ಟಿದ್ದು ಒಂದೇ ಸಲ. ಮೂರು ವರ್ಷ ಕಳೆದರೂ ನಮ್ಮ ಹುಡುಗರು ಚಹಾದ ಹೊತ್ತಿಗೆ ಆ ಮಾತನ್ನು ತೆಗೆಯದೆ ಬಿಡುವುದಿಲ್ಲ.

ಅದೊಂದು ಇಂಜಿನಿಯರಿಂಗ್ ಕಾಲೇಜಿನ ಫೆಸ್ಟ್. ಮಧ್ಯಾಹ್ನ ಉದ್ಘಾಟನೆಯಲ್ಲಿ ಮುಖ್ಯ ಅತಿಥಿಗಳು ಪೋಡಿಯಮ್ ಮೈಕನ್ನು ಕೈಯಿಂದ ಮುಚ್ಚಿ ಹಿಡಿದು ಮಾತಾಡಿದ್ದರಿಂದ ಎರಡು ಸಲ ಜೋರು ಸೀಟಿ ಹೊಡೆದಿತ್ತು, ಅದರ ಸುದ್ದಿ ಹೇಗೋ ಅಂಗಡಿಗೆ ಮುಟ್ಟಿ, ಸಾಹುಕಾರರು ಫೋನಿನಲ್ಲಿ ನನ್ನ ಅಲ್ಲಿಯವರೆಗಿನ ಹದಿನಾರು ವರ್ಷವನ್ನೂ ತೊಳೆದು ಹಾಕಿದ್ದರು. ಸಂಜೆ ಮತ್ತೆ ಸೀಟಿ ಕೇಳಿಸಿದರೆ ಬಾಡಿಗೆ ನನ್ನ ಲೆಕ್ಕದಲ್ಲಿ ಮುರಿದುಕೊಳ್ಳುವುದಾಗಿ ಹೇಳಿದರು. ಆದ್ದರಿಂದ ಆ ಸಂಜೆ ನಾನು ಹಾಡು ಕೇಳಲು ಕುಳಿತಿರಲಿಲ್ಲ, ಸೀಟಿ ಹಿಡಿಯಲು ಕುಳಿತಿದ್ದೆ. ಸಾಹುಕಾರರು ಆ ವರ್ಷವಷ್ಟೇ ತರಿಸಿದ್ದ ಫೀಡ್‌ಬ್ಯಾಕ್ ಸಪ್ರೆಸರ್, ಅಂದರೆ ಸೀಟಿಯನ್ನು ತಾನೇ ಹುಡುಕಿ ಕತ್ತರಿಸುವ ಡಬ್ಬಿ, ಕೂಡ ಲೈನಿನಲ್ಲಿತ್ತು. ಅದಿದ್ದರೆ ಮನುಷ್ಯನ ಕಿವಿ ಬೇಡ ಎಂಬುದು ಅವರ ನಂಬಿಕೆ.

ರಾತ್ರಿಯ ಕೊನೆಯ ಕಾರ್ಯಕ್ರಮ ಟಿಳಕವಾಡಿಯ ನಾಲ್ವರು ಹುಡುಗರ ರಾಕ್ ಬ್ಯಾಂಡು. ಬೆಲ್‌ಬಾಟಮ್, ಉದ್ದ ಕೂದಲು, ಹಾಡುಗಾರನಿಗೆ ಎದೆಯವರೆಗೆ ತೆರೆದ ಪಟ್ಟೆಪಟ್ಟೆಯ ಇಡೀ ಮೈಯ ಸೂಟು. ಗಿಟಾರ್ ಹುಡುಗನ ಅಂಗಿಯ ಮೇಲೆ ಥಿನ್ ಲಿಝಿ ಎಂದು ಬರೆದಿತ್ತು, ನಾನು ಅದನ್ನು ಯಾವುದೋ ಬಟ್ಟೆ ಅಂಗಡಿಯ ಹೆಸರೆಂದು ತಿಳಿದೆ. ಅವರು ವಾರದ ಹಿಂದೆಯೇ ತಮಗೆ ಏನೇನು ಬೇಕೆಂದು ತಿಳಿಸುವ ಎರಡು ಪುಟದ ರೈಡರ್ ಕಳಿಸಿದ್ದರು. ಮೊದಲ ಪುಟದಲ್ಲಿ ಇನ್‌ಪುಟ್ ಲಿಸ್ಟ್ ನೋಡಿ ಎರಡನೆಯದನ್ನು ತಿರುಗಿಸದೆ ಮಡಚಿ ಕಿಸೆಯಲ್ಲಿ ಇಟ್ಟುಕೊಂಡಿದ್ದೆ. ಎಪ್ಪತ್ತರ ದಶಕದ ವೇಷ ಹಾಕಿಕೊಂಡು ಬಂದ ಹುಡುಗರು ನಕಲು ಮಾಡಿ ಎರಡು ಹಾಡು ಹೊಡೆದು ಹೋಗುತ್ತಾರೆ, ಇದರಲ್ಲಿ ಓದುವುದೇನಿದೆ ಎಂಬ ತಾತ್ಸಾರ ನನ್ನದು. ಅಷ್ಟರಲ್ಲಿ ಕರೆಂಟ್ ಹೋಗಿ ಜನರೇಟರ್ ಚೇಂಜ್‌ಓವರ್ ತಡವಾದ್ದರಿಂದ ಸೌಂಡ್‌ಚೆಕ್‌ಗೆ ಹೊತ್ತು ಉಳಿಯಲಿಲ್ಲ. ಲೈನ್‌ಚೆಕ್‌ನಲ್ಲಿ ಆ ಹುಡುಗ ‘ಒನ್, ಟೂ’ ಎಂದು ಸಾದಾ ದನಿಯಲ್ಲಿ ಹೇಳಿದ. ನಾನು ಅದಕ್ಕೆ ತಕ್ಕಂತೆ ಮೈಕಿನ ಮಟ್ಟ, ಅಂದರೆ ಗೇನ್, ಇಟ್ಟೆ.

ಮೊದಲ ಹಾಡು ಸರಿಯಾಗಿಯೇ ಹೋಯಿತು. ಎರಡನೆಯದರಲ್ಲಿ, ಗಿಟಾರು ಒಂದು ಕ್ಷಣ ನಿಂತು ಹಾಡುಗಾರ ಒಬ್ಬನೇ ಉಳಿದ ಜಾಗದಲ್ಲಿ, ಟಾಪ್‌ಗಳಿಂದ ಸೂಜಿಯಂಥ ಒಂದು ಉದ್ದನೆಯ ಸ್ವರ ಎದ್ದಿತು. ನನ್ನ ಬೆನ್ನು ತಣ್ಣಗಾಯಿತು. ಸಪ್ರೆಸರ್‌ನ ಮೇಲೆ ಕೆಂಪು ದೀಪಗಳು ಒಂದರ ಹಿಂದೆ ಒಂದು ಹತ್ತಿದವು, ಅಂದರೆ ಅದು ಸೀಟಿಯ ಸ್ವರವನ್ನಷ್ಟೇ ಕತ್ತರಿಸುವ ತನ್ನ ನಾಚ್‌ಗಳನ್ನು ಇಳಿಸುತ್ತಿತ್ತು, ಅದೇ ನನಗೆ ಸಾಕ್ಷಿಯಾಯಿತು. ಒಂದೊಂದು ಸ್ವರಮಟ್ಟಕ್ಕೆ ಒಂದೊಂದು ಕಡ್ಡಿಯಿರುವ ಗ್ರಾಫಿಕ್ ಈಕ್ವಲೈಸರ್‌ನಲ್ಲಿ 1.25 ಕಿಲೋಹರ್ಟ್ಸ್ ಪೂರ್ತಿ ಕೆಳಗೆ ಎಳೆದೆ, ಸ್ವರ ತೆಳ್ಳಗಾಯಿತೇ ಹೊರತು ನಿಲ್ಲಲಿಲ್ಲ. 2.5 ಎಳೆದೆ. ವೆಜ್‌ಗಳನ್ನು ಮ್ಯೂಟ್ ಮಾಡಿದೆ. ಕೊನೆಗೆ ಹಾಡುಗಾರನ ಮೈಕಿನ ಫೇಡರನ್ನೇ ಕೆಳಗೆ ತಂದೆ, ಸೀಟಿ ನಿಂತಿತು. ಆಗ ನನಗೆ ಆದ ಸಮಾಧಾನ ಎಂಥದೆಂದರೆ, ಅಂಗೈಯ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡು ಪಕ್ಕದ ಹುಡುಗನಿಗೆ ‘ನೋಡಿದೇನು?’ ಎಂಬಂತೆ ಹುಬ್ಬು ಹಾರಿಸಿದೆ.

ಅವನು ನನ್ನನ್ನು ನೋಡುತ್ತಿರಲಿಲ್ಲ, ಸ್ಟೇಜ್ ಕಡೆ ನೋಡುತ್ತಿದ್ದ. ಹಾಡುಗಾರ ಕುತ್ತಿಗೆಯ ನರ ಉಬ್ಬಿಸಿ ಬಾಯಿ ತೆರೆದೇ ನಿಂತಿದ್ದ, ಅವನ ದನಿ ಮಾತ್ರ ಎಲ್ಲಿಯೂ ಇರಲಿಲ್ಲ. ಹಿಂದಿನ ಸಾಲುಗಳಲ್ಲಿ ನಗೆ ಎದ್ದಿತು. ವಾಕಿಟಾಕಿಯಲ್ಲಿ ಸ್ಟೇಜಿನ ಮೇಲಿದ್ದ ನಮ್ಮ ಹುಡುಗ ಒದರಿದ: “ಅಣ್ಣಾ, ಸೀಟಿ ಅಲ್ಲೋ ಅದು, ಅಂವ ಹಾಡಾಕತ್ತಾನ!” ಈ ಮಾತು ನನ್ನ ತಲೆಗೆ ಇಳಿಯಲು ನಲವತ್ತು ಸೆಕೆಂಡಾದರೂ ಹಿಡಿದಿರಬೇಕು, ಏಕೆಂದರೆ ದೀಪಗಳು ಹತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಫೇಡರ್ ಮೇಲೆ ಬಂದಾಗಲೂ ವೆಜ್ ಮ್ಯೂಟ್‌ನಲ್ಲೇ ಉಳಿದಿತ್ತು, ಅದು ನೆನಪಾಗುವಷ್ಟರಲ್ಲಿ ಹಾಡು ಮುಗಿದಿತ್ತು. ಆ ಹುಡುಗ ತನ್ನ ದನಿ ತನಗೇ ಕೇಳಿಸದೆ ಉಳಿದ ಅರ್ಧ ಹಾಡನ್ನು ಶ್ರುತಿ ತಪ್ಪದೆ ಹಾಡಿದ್ದ.

ಕೇಬಲ್ ಸುತ್ತುವಾಗ ಅವನು ಬಂದು ಜಗಳಾಡುತ್ತಾನೆಂದು ಕಾಯುತ್ತಿದ್ದೆ. ಅವನು ಬಂದು, “ಎರಡನೇ ಪುಟ ಓದಿರೇನ್ರೀ?” ಎಂದಷ್ಟೇ ಕೇಳಿದ. ಕಿಸೆಯಿಂದ ತೆಗೆದು ನೋಡಿದೆ. ಕೆಳಗಡೆ ದಪ್ಪ ಅಕ್ಷರದಲ್ಲಿ ಹೀಗಿತ್ತು: ಎರಡನೆಯ ಹಾಡಿನಲ್ಲಿ ಕಳ್ಳದನಿಯ (ಫಾಲ್ಸೆಟೊ) ಉದ್ದನೆಯ ಸ್ವರವಿದೆ, ಅದು ಸೀಟಿ ಅಲ್ಲ, ದಯವಿಟ್ಟು ಸಪ್ರೆಸರ್ ಬೈಪಾಸ್ ಮಾಡಿರಿ.

ಅವರು ಹಾಡಿದ್ದು ದಿ ಡಾರ್ಕ್‌ನೆಸ್ ಎಂಬ ಇಂಗ್ಲೆಂಡಿನ ತಂಡದ ಹಾಡು ಎಂದು ಆಗ ಗೊತ್ತಾಯಿತು. ಪೂರ್ವ ಕರಾವಳಿಯ ಮೀನುಗಾರರ ಊರು ಲೋಸ್ಟಾಫ್ಟ್‌ನ ಅಣ್ಣತಮ್ಮಂದಿರಾದ ಜಸ್ಟಿನ್ ಮತ್ತು ಡ್ಯಾನ್ ಹಾಕಿನ್ಸ್ 2000ದಲ್ಲಿ ಕಟ್ಟಿದ ತಂಡವದು. ನಾಲ್ವರು ಹುಡುಗರ ವೇಷವೆಲ್ಲ ಅಲ್ಲಿಂದಲೇ ಬಂದದ್ದು: ಜಸ್ಟಿನ್‌ನ ಇಡೀ ಮೈಯ ಸೂಟು, ಡ್ಯಾನ್ ಸದಾ ಹಾಕುತ್ತಿದ್ದ, ಥಿನ್ ಲಿಝಿ ಎಂಬ ಹಳೆಯ ರಾಕ್ ತಂಡದ ಹೆಸರಿನ ಅಂಗಿ. ಕ್ವೀನ್, ಎಸಿಡಿಸಿಗಳ ಕಾಲದ ಹಾರ್ಡ್ ರಾಕ್ ಅನ್ನು ಅದೆಲ್ಲ ಮುಗಿದುಹೋದ ಮೇಲೆ ಹಾಡಲು ಹೊರಟ ಇವರನ್ನು ಅಲ್ಲಿಯ ಬಹಳ ಜನ ಮೊದಲಿಗೆ ನಗೆಯಾಟವೆಂದೇ ಎಣಿಸಿದರಂತೆ. 2002ರಲ್ಲಿ ಅವರ ಮೊದಲ ಇಪಿ, ಅಂದರೆ ಕೆಲವೇ ಹಾಡುಗಳ ಚಿಕ್ಕ ಮುದ್ರಿಕೆ, ಬಂದದ್ದು ಒಂದು ಸಣ್ಣ ಲೇಬಲ್‌ನಿಂದ. 2003ರ ಜುಲೈನಲ್ಲಿ ಮೊದಲ ಆಲ್ಬಮ್ ‘ಪರ್ಮಿಷನ್ ಟು ಲ್ಯಾಂಡ್’ ಹೊರಬಂದು ಬ್ರಿಟನ್ನಿನಲ್ಲಿ ಒಂದನೆಯ ಸ್ಥಾನಕ್ಕೆ ಏರಿತು, ಮರುವರ್ಷದ ಬ್ರಿಟ್ ಪ್ರಶಸ್ತಿಗಳಲ್ಲಿ ತಂಡ, ರಾಕ್ ತಂಡ, ಆಲ್ಬಮ್ ಎಂಬ ಮೂರು ಬಹುಮಾನ ಅವರ ಪಾಲಾದವು. ಆಗಲೂ ಇದು ತಮಾಷೆಯೋ ನಿಜವೋ ಎಂಬ ಪ್ರಶ್ನೆ ಅವರ ಬೆನ್ನು ಬಿಡಲಿಲ್ಲ. ವೇಷ ನೋಡಿ ಮೋಸಹೋದವನು ನಾನೊಬ್ಬನೇ ಅಲ್ಲ ಎಂದು ಕೊಂಚ ಹಾಯೆನಿಸಿತು.

ಮನೆಗೆ ಹೋಗುವ ಗಾಡಿಯಲ್ಲಿ ಆ ಆಲ್ಬಮ್ ಹಾಕಿಕೊಂಡೆ. ಕೆಲಸದವನ ಕಿವಿಯಿಂದ ಹೇಳುವುದಾದರೆ ಅದರಲ್ಲಿ ಸಾಮಾನು ಕಡಿಮೆ: ಮಾರ್ಷಲ್ ಆಂಪ್ಲಿಫೈಯರ್‌ನಲ್ಲಿ ಕುದಿಯುವ ಗಿಟಾರುಗಳು, ಪ್ರತಿಧ್ವನಿ ಬೆರೆಸದ ಒಣ ಡ್ರಮ್ಮು, ನಡುವೆ ದನಿಗೆ ಬೇಕಾದಷ್ಟು ಬಯಲು. ಕ್ವೀನ್ ತಂಡದ ಹಾಡುಗಳನ್ನು ಧ್ವನಿಮುದ್ರಿಸಿದ್ದ ರಾಯ್ ಥಾಮಸ್ ಬೇಕರ್ ಅವರನ್ನೇ ಕರೆಸಿ ಮಾಡಿದ 2005ರ ಎರಡನೆಯ ಆಲ್ಬಮ್‌ನಲ್ಲಿ ಕೊಳಲು, ಸಿತಾರ್, ಪದರದ ಮೇಲೆ ಪದರ ಗಿಟಾರು ಎಲ್ಲವೂ ಇದೆ. ಬಂಡಿಗಟ್ಟಲೆ ರೊಕ್ಕ ಸುರಿದರೂ ಅದು ಬ್ರಿಟನ್ನಿನಲ್ಲಿ 11ನೆಯ ಸ್ಥಾನದಾಚೆ ಏರಲಿಲ್ಲ. ಬಾಸ್ ನುಡಿಸುತ್ತಿದ್ದ ಫ್ರಾಂಕಿ ಪುಲ್ಲೇನ್ ಆ ವರ್ಷವೇ ಹೊರಬಿದ್ದಿದ್ದರು. ಕುಡಿತ ಮತ್ತು ಕೊಕೇನ್‌ನ ಚಿಕಿತ್ಸೆಗೆ ಸೇರಿದ್ದ ಜಸ್ಟಿನ್ 2006ರ ಅಕ್ಟೋಬರ್‌ನಲ್ಲಿ ತಂಡ ಬಿಟ್ಟರು, ಅಣ್ಣತಮ್ಮಂದಿರು ಬೇರೆ ಬೇರೆ ತಂಡ ಮಾಡಿಕೊಂಡರು. ನಮ್ಮ ನಾಟಕ ಕಂಪನಿಗಳಲ್ಲಿಯೂ ಹೀಗೇ, ಹೊಸ ಪರದೆ, ಹೊಸ ಸೀನರಿ ತರಿಸಿದ ವರ್ಷವೇ ಕಂಪನಿ ಮುರಿದದ್ದನ್ನು ಹಿರಿಯರ ಬಾಯಿಂದ ಕೇಳಿದ್ದೇನೆ.

ಆದರೆ ಇವರು ಮುರಿದೇ ಉಳಿಯಲಿಲ್ಲ. 2011ರಲ್ಲಿ ಮೊದಲಿನ ನಾಲ್ವರೂ ಕೂಡಿದರು, ಮುಂದೆ ಡ್ರಮ್ಮಿಗೆ ಕ್ವೀನ್‌ನ ರೋಜರ್ ಟೇಲರ್ ಅವರ ಮಗ ರೂಫಸ್ ಬಂದರು. ಯಾರ ನಕಲು ಎಂದು ಇವರನ್ನು ಹಂಗಿಸಿದ್ದರೋ ಅವರ ಮನೆಯ ಹುಡುಗನೇ ಬಂದು ಇವರ ಹಿಂದೆ ಕುಳಿತ! 2025ರಲ್ಲಿಯೂ ಹೊಸ ಆಲ್ಬಮ್ ತಂದಿದ್ದಾರೆ.

ನನ್ನನ್ನು ಇಂದಿಗೂ ಚುಚ್ಚುವುದು ಬೇರೆ. ಪಾರಿಜಾತದಲ್ಲಿ ಹಾರ್ಮೋನಿಯಂನವರು ಒಂದು ಮನೆ ಒತ್ತಿ ಹಿಡಿದರೆ ಸಪ್ರೆಸರ್ ಅದನ್ನು ಸೀಟಿ ಎಂದು ತಿಳಿದು ಕತ್ತರಿಸುತ್ತದೆಂಬುದು ನನಗೆ ಅದಕ್ಕೂ ಮೊದಲೇ ಗೊತ್ತಿತ್ತು. ಒಂದೇ ಸ್ವರ ಅಲುಗದೆ ನಿಂತರೆ ಆ ಡಬ್ಬಿಗೆ ಎಲ್ಲವೂ ಸೀಟಿಯೇ. ಆದ್ದರಿಂದ ಪಾರಿಜಾತಕ್ಕೆ ಹೋದಾಗಲೆಲ್ಲ ಯಾರೂ ಹೇಳದಿದ್ದರೂ ಬೈಪಾಸ್ ಒತ್ತುತ್ತಿದ್ದೆ, ಆ ಆಟದ ಗೌಳಗಿತ್ತಿಯ ಏರುದನಿಗೆ, ಅದು ಒಡೆಯದಂತೆ, ಎಷ್ಟು ಹೆಡ್‌ರೂಮ್ ಬಿಡಬೇಕೆಂದು ಕೈಗೇ ಗೊತ್ತಿತ್ತು. ಅದೇ ಕೈ ಆ ಹುಡುಗನಿಗೆ ಆ ಬಟನ್ ಒತ್ತಲಿಲ್ಲ. ಗಿಟಾರು ಹಿಡಿದವರ ಗಂಟಲಿನಿಂದ ಅಂಥ ಸ್ವರ ಬಂದೀತೆಂದು ನಾನು ಎಣಿಸಿಯೇ ಇರಲಿಲ್ಲ.

ಸಾಹುಕಾರರು ಆ ತಿಂಗಳು ಎರಡು ಸಾವಿರ ಮುರಿದುಕೊಂಡರು, ಸೀಟಿ ಹೊಡೆದದ್ದಕ್ಕೆ. ಹೊಡೆದಿರಲಿಲ್ಲ ಎಂದು ಅವರಿಗೆ ತಿಳಿಸಿ ಹೇಳುವ ಪ್ರಯತ್ನವನ್ನು ನಾನು ಮಾಡಲಿಲ್ಲ, ಹೇಳಿದ್ದರೆ ನಾಲ್ಕು ಸಾವಿರ ಮುರಿಯುತ್ತಿದ್ದರು. ಮರುವರ್ಷ ಅದೇ ಫೆಸ್ಟಿಗೆ ಅದೇ ಹುಡುಗರ ರೈಡರ್ ಬಂತು. ಆ ಸಾಲು ಈಗ ಮೊದಲ ಪುಟದ ತಲೆಯಲ್ಲಿತ್ತು. ಅದನ್ನು ಓದಿದ ಸಾಹುಕಾರರು, “ಅಷ್ಟು ರೊಕ್ಕ ಕೊಟ್ಟು ತಂದದ್ದು ಯಾಕ ಮತ್ತ? ಡಬ್ಬಿ ಒಯ್ಯಲಿಕ್ಕೇ ಬೇಕು,” ಎಂದು ಪಟ್ಟು ಹಿಡಿದರು. ಒಯ್ದೆ. ರ‍್ಯಾಕಿನಲ್ಲಿ ಅದರ ದೀಪ ಹತ್ತಿಸಿಯೇ ಇಟ್ಟೆ, ಇನ್ ಮತ್ತು ಔಟ್ ಕೇಬಲ್ ಎರಡನ್ನೂ ಕಿತ್ತು ಒಂದಕ್ಕೊಂದು ಜೋಡಿಸಿ ಹಿಂದೆ ಟೇಪ್ ಸುತ್ತಿದೆ.