ಮೊದಲ ಸಿಗ್ನಲ್ ನಂಬಬೇಡಿ: ಕ್ರಾಸ್ ಕಂಟ್ರಿ ಫಿನಿಶ್ ಗೇಟ್ ಕಥೆ

ಕೊನೆಗೂ ಗೇಟ್ ದಾರಿಗೆ ಬಂತು. ಗೇಟ್ ಅಂದರೆ, ಕ್ರಾಸ್ ಕಂಟ್ರಿ (ಬಯಲು, ಮಣ್ಣಿನ ದಾರಿಯ ಓಟ) ಮುಗಿಯುವ ಗೆರೆಯಲ್ಲಿ, ಓಟಗಾರರ ನಂಬರಿಗೆ ಅಂಟಿಸಿದ ಆರ್‌ಎಫ್‌ಐಡಿ ಟ್ಯಾಗನ್ನು (ರೇಡಿಯೋ ಸಿಗ್ನಲ್‌ನಲ್ಲಿ ಗುರುತು ಹೇಳುವ ಚೀಟಿ) ಆಂಟೆನಾದಿಂದ ಓದಿ ಯಾರಿಗೆ ಯಾವ ಸ್ಥಾನ ಅಂತ ಪಟ್ಟಿ ಮಾಡುವ ನನ್ನ ಯಂತ್ರ. ಕಲಬುರಗಿಯ ಸೇಡಂ ರಸ್ತೆ ಕಡೆಯ ಬಯಲಿನಲ್ಲಿ ಕಾಲೇಜು ಹುಡುಗರು ಗುಂಪಾಗಿ ಗೆರೆ ದಾಟಿದರು. ಲ್ಯಾಪ್‌ಟಾಪ್‌ನಲ್ಲಿ ಬಂದ ಪಟ್ಟಿ, ಪಿಡಿ (ದೈಹಿಕ ಶಿಕ್ಷಣ ನಿರ್ದೇಶಕ) ಸರ್ ಕೈಲಿದ್ದ ಪಟ್ಟಿ, ಎರಡೂ ಒಂದೇ! ಖುಷಿಗೆ ಎಲ್ಲರಿಗೂ ಮಿರ್ಚಿ ಭಜಿ ಕೊಡಿಸಿದೆ. ಬಿಲ್ ನೋಡಿದ ಮೇಲೆ ಖುಷಿ ಸ್ವಲ್ಪ ಇಳಿಯಿತು, ಅದು ಬೇರೆ ಮಾತು.

ಟ್ಯಾಗ್ ಓದುವ ರೀಡರ್ ಮಾಡ್ಯೂಲ್‌ಗೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಜೋಡಿಸಿದ್ದು, ಬ್ಯಾಟರಿ, ಡಬ್ಬಿಗೆ ತೂತು ಕೊರೆದದ್ದು ಎಲ್ಲ ಬಿಟ್ಟುಬಿಡುತ್ತೇನೆ. ನೀವೂ ಮಾಡಿರುತ್ತೀರಿ. ಈ ಸಲ ಒಂದೇ ತಲೆನೋವಿನ ಬಗ್ಗೆ ಬರೆಯುತ್ತೇನೆ: ಯಾರು ಯಾರಿಗಿಂತ ಮುಂದೆ ದಾಟಿದರು?

ರೋಡ್ ರೇಸ್‌ಗೆ ಗೇಟ್ ಕಟ್ಟಿದವರಿಗೆ ಇದು ತಲೆನೋವೇ ಅಲ್ಲ. ಸಾವಿರ ಜನರಲ್ಲಿ ಒಬ್ಬರದು ಅರ್ಧ ಸೆಕೆಂಡ್ ಆಚೀಚೆ ಆದರೆ ಯಾರೂ ಕೇಳಲ್ಲ. ಕ್ರಾಸ್ ಕಂಟ್ರಿಯಲ್ಲಿ ಟೈಮ್‌ಗೆ ಕಿಮ್ಮತ್ತು ಕಮ್ಮಿ, ಸ್ಥಾನಕ್ಕೆ ಜಾಸ್ತಿ. ಸ್ಥಾನವೇ ಪಾಯಿಂಟ್.

ಪಾಯಿಂಟ್ ಲೆಕ್ಕದ ಪ್ರೋಗ್ರಾಂ ಪರೀಕ್ಷೆಗೆ ನಾನು ಇಟ್ಟುಕೊಂಡದ್ದು ಅಮೆರಿಕದ ಕಾಲೇಜುಗಳ ರಾಷ್ಟ್ರೀಯ ಚಾಂಪಿಯನ್‌ಶಿಪ್, ಅಂದರೆ ಎನ್‌ಸಿಎಎ ಡಿವಿಷನ್ 1. ಅಲ್ಲಿ 31 ತಂಡ, ತಂಡಕ್ಕೆ 7 ಜನ. ಮೊದಲ 5 ಜನರ ಸ್ಥಾನ ಕೂಡಿಸಬೇಕು, ಮೊತ್ತ ಕಮ್ಮಿ ಇದ್ದವರು ಗೆದ್ದರು. 6 ಮತ್ತು 7ನೆಯವರ ಸ್ಥಾನ ಮೊತ್ತಕ್ಕೆ ಸೇರಲ್ಲ. ಆದರೆ ಎದುರಾಳಿಯ ಐದನೆಯವನಿಗಿಂತ ಮುಂದೆ ಬಂದರೆ ಅವನನ್ನು ಹಿಂದೆ ತಳ್ಳುತ್ತಾರೆ. ತಂಡವಿಲ್ಲದೆ ಬಂದ ಓಟಗಾರರನ್ನು ತೆಗೆದು ಸ್ಥಾನ ಮತ್ತೆ ಎಣಿಸಬೇಕು. 1, 2, 3, 4, 5 ಎಲ್ಲ ಒಂದೇ ತಂಡದವರಾದರೆ 15 ಪಾಯಿಂಟ್. ಅದಕ್ಕಿಂತ ಕಮ್ಮಿ ಸಾಧ್ಯವೇ ಇಲ್ಲ. 1981ರಲ್ಲಿ ಟೆಕ್ಸಾಸ್‌ನ ಎಲ್ ಪಾಸೋ ವಿಶ್ವವಿದ್ಯಾಲಯದವರು 17ಕ್ಕೆ ಮುಗಿಸಿದ್ದರು!

ಈಗ 2023 ನೋಡಿ. ಮಹಿಳೆಯರ ಓಟದಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ 123, ನಾರ್ದರ್ನ್ ಅರಿಝೋನಾ 124. ಒಂದೇ ಪಾಯಿಂಟ್. ಈ ಎರಡು ತಂಡಗಳಿಂದ ಅಕ್ಕಪಕ್ಕ ಬಂದ ಇಬ್ಬರು ಅದಲುಬದಲಾದರೆ ಒಂದು ಮೊತ್ತ ಏರಿ ಇನ್ನೊಂದು ಇಳಿಯುತ್ತದೆ, ಅಂತರ 2 ಪಾಯಿಂಟ್ ಪಲ್ಟಿ. ನನ್ನ ಹಳೆ ಗೇಟ್ ಅಲ್ಲಿದ್ದಿದ್ದರೆ ಕಪ್ ಬೇರೆಯವರ ಮನೆಗೆ ಹೋಗುತ್ತಿತ್ತು. 2022ರ ಪುರುಷರ ಓಟ ಇನ್ನೂ ಮಜಾ. ನಾರ್ದರ್ನ್ ಅರಿಝೋನಾ 83, ಒಕ್ಲಹೋಮಾ ಸ್ಟೇಟ್ 83. ಓಟ ನಡೆದದ್ದು ಒಕ್ಲಹೋಮಾ ಸ್ಟೇಟ್‌ನವರ ಸ್ವಂತ ಊರು ಸ್ಟಿಲ್‌ವಾಟರ್‌ನಲ್ಲೇ! ಟೈ ಬಿಡಿಸಲು ಮೊದಲನೆಯವನಿಗೆ ಮೊದಲನೆಯವನು, ಎರಡನೆಯವನಿಗೆ ಎರಡನೆಯವನು ಅಂತ ಐದು ಜೋಡಿ ಹೋಲಿಸಿ, ಹೆಚ್ಚು ಜೋಡಿ ಗೆದ್ದ ಅರಿಝೋನಾದವರಿಗೆ ಕಪ್ ಕೊಟ್ಟರು. ಅಲ್ಲಿನ ಹೈಸ್ಕೂಲ್ ನಿಯಮ ಬೇರೆ, ಆರನೆಯವನನ್ನು ನೋಡುತ್ತಾರೆ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 6 ಜನ ಓಡಿ 4 ಜನರ ಲೆಕ್ಕ. ಹಾಗಾಗಿ ಪ್ರೋಗ್ರಾಂನಲ್ಲಿ ಇದನ್ನೆಲ್ಲ ಸೆಟ್ಟಿಂಗ್ ಮಾಡಿಟ್ಟೆ, ಯಾವ ಕೂಟಕ್ಕೆ ಯಾವುದು ಬೇಕೋ ಅದು.

ಸಾಫ್ಟ್‌ವೇರ್ ಸುಲಭದ ಭಾಗ. ಹಾರ್ಡ್‌ವೇರ್ ಪ್ರಾಣ ತಿಂದಿತು.

ಮೊದಲು ಸಪ್ಲೈಯರ್ ಪುರಾಣ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಳಸುವ ಆರ್‌ಎಫ್‌ಐಡಿ ಬ್ಯಾಂಡ್ 865ರಿಂದ 868 ಮೆಗಾಹರ್ಟ್ಸ್, ನಿಮಗೆ ಗೊತ್ತಿದ್ದದ್ದೇ. ಆರ್ಡರ್‌ನಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೆ. ಬಂದದ್ದು ಅಮೆರಿಕದ 902–928ರ ಆಂಟೆನಾ. ಫೋನ್ ಮಾಡಿದರೆ, 'ಎಲ್ಲಾ ಒಂದೇ ಸರ್, ವರ್ಕ್ ಆಗುತ್ತೆ.' ಆಗುತ್ತೆ, ಕೈಗೆ ಸಿಗುವಷ್ಟು ದೂರಕ್ಕೆ! ವಾಪಸ್ ಕಳಿಸುವ ಕೊರಿಯರ್ ಖರ್ಚೂ ನಮ್ಮದೇ ಅಂತೆ. ಕೊನೆಗೆ ಹೈದರಾಬಾದ್‌ಗೆ ಹೋಗಿ, ಕೋಠಿಯ ಗುಜರಾತಿ ಗಲ್ಲಿಯಲ್ಲಿ ಕೇಬಲ್, ಕನೆಕ್ಟರ್ ಆರಿಸುತ್ತಾ ಅರ್ಧ ದಿನ ಕಳೆದು, ಸರಿಯಾದ ಆಂಟೆನಾ ಬೇರೆ ಕಡೆಯಿಂದ ತರಿಸಿದೆ.

ಆಮೇಲೆ ಬೆವರು. ಎದೆಯ ನಂಬರ್ ಹಿಂದೆ ಅಂಟಿಸಿದ ಟ್ಯಾಗ್ ಒದ್ದೆ ಬನಿಯನ್‌ಗೆ ಮೆತ್ತಿಕೊಂಡರೆ ಮುಗಿಯಿತು, ಬಾಯೇ ಬಿಡಲ್ಲ. ಈ ಫ್ರೀಕ್ವೆನ್ಸಿಯನ್ನು ನೀರು ನುಂಗಿಬಿಡುತ್ತದೆ. ಯೋಗಾ ಮ್ಯಾಟ್ ಕತ್ತರಿಸಿ ಟ್ಯಾಗ್ ಹಿಂದೆ ತುಂಡು ಇಟ್ಟೆ. ಸಿಗ್ನಲ್ ಬಂತು. 'ಸರ್, ಇದೇನ್ರೀ ಬುಲೆಟ್ ಪ್ರೂಫ್?' ಅಂತ ಹುಡುಗರು ನಕ್ಕರು. ನಗಲಿ.

ಇಷ್ಟಾದರೂ ಕ್ರಮ ತಪ್ಪೇ ಬರುತ್ತಿತ್ತು. ಹಿಂದೆ ಬಂದವನು ಪಟ್ಟಿಯಲ್ಲಿ ಮುಂದೆ! ಕಾರಣ ಹೊಳೆಯಲು ಕಾಗದದ ಮೇಲೆ ಲೆಕ್ಕ ಹಾಕಬೇಕಾಯಿತು. 10 ಕಿ.ಮೀ. 30 ನಿಮಿಷಕ್ಕೆ ಓಡುವವನು ಸೆಕೆಂಡಿಗೆ ಸುಮಾರು 5.5 ಮೀಟರ್ ಸಾಗುತ್ತಾನೆ. ಆಂಟೆನಾ ಗೆರೆಯಿಂದ ಮೂರ್ನಾಲ್ಕು ಮೀಟರ್ ಮೊದಲೇ ಟ್ಯಾಗ್ ಹಿಡಿಯಲು ಶುರು ಮಾಡುತ್ತದೆ. ಮುಂದಿನವನ ತೋಳು ಅಡ್ಡ ಬಂದರೆ ಅವನ ಟ್ಯಾಗ್ ತಡವಾಗಿ ಸಿಗುತ್ತದೆ. ಹಿಂದಿನವನ ಎದೆ ನೇರ ಕಂಡರೆ ಬೇಗ ಸಿಗುತ್ತದೆ. ಅರ್ಧ ಸೆಕೆಂಡಿಗಿಂತ ಜಾಸ್ತಿ ಗೊಂದಲ, ಅಷ್ಟರಲ್ಲಿ ಮೂವರು ದಾಟಿರುತ್ತಾರೆ. ಪವರ್ ಕಮ್ಮಿ ಮಾಡಿದರೆ ಕೆಲವರು ಸಿಗುವುದೇ ಇಲ್ಲ. ಆಂಟೆನಾ ತಲೆ ಮೇಲೆ ಕಟ್ಟಿದೆ, ಪಕ್ಕಕ್ಕೆ ಕಟ್ಟಿದೆ, ಓರೆ ಮಾಡಿದೆ. ಉಹ್ಞೂಂ.

ಒಂದು ಬೆಳಿಗ್ಗೆ ನಮ್ಮೂರ 'ಅಪ್ಪನ ಕೆರೆ' ಸುತ್ತ ವಾಕಿಂಗ್ ಹೋದಾಗ ಹೊಳೆಯಿತು. ಮೈ ಸಿಗ್ನಲ್‌ಗೆ ಅಡ್ಡ ಅಂತ ಇಷ್ಟು ದಿನ ಬೈದದ್ದಾಯ್ತು, ಅದೇ ಅಡ್ಡವನ್ನೇ ಬಳಸಿದರೆ? ಟ್ಯಾಗ್ ಎದೆ ಮೇಲಿದೆ. ಓಟಗಾರ ಆಂಟೆನಾ ದಾಟಿದ ತಕ್ಷಣ ಅವನ ಬೆನ್ನು ಈ ಕಡೆ. ಸಿಗ್ನಲ್ ಕತ್ತರಿಸಿದ ಹಾಗೆ ನಿಲ್ಲಬೇಕು. ಬರುವ ಸಿಗ್ನಲ್ ನಿಧಾನಕ್ಕೆ, ಎಡವುತ್ತಾ ಏರುತ್ತದೆ. ನಿಲ್ಲುವುದು ಮಾತ್ರ ಒಂದೇ ಏಟಿಗೆ. ಅಂದರೆ ಮೊದಲ ರೀಡ್ ಬಿಟ್ಟು ಕೊನೆಯ ಗಟ್ಟಿ ರೀಡ್ ನೋಡಬೇಕು!

ಮನೆಗೆ ಓಡಿ ಬಂದು ಕೋಡ್ ತಿದ್ದಿದೆ. ಕೆಲಸ ಮಾಡಲಿಲ್ಲ. ಎರಡು ರಾತ್ರಿ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು: ಮಾಡ್ಯೂಲ್ ಕಾರ್ಖಾನೆಯಿಂದಲೇ ಸೆಷನ್ 1 ಎಂಬ ಸೆಟ್ಟಿಂಗ್‌ನಲ್ಲಿ ಬಂದಿತ್ತು. ಆ ಸೆಷನ್‌ನಲ್ಲಿ ಟ್ಯಾಗ್ ಒಂದು ಸಲ ಉತ್ತರ ಕೊಟ್ಟರೆ ಅರ್ಧ ಸೆಕೆಂಡಿನಿಂದ 5 ಸೆಕೆಂಡಿನವರೆಗೆ ಸುಮ್ನೆ ಕೂರುತ್ತದೆ. ಗೋದಾಮಿನಲ್ಲಿ ಡಬ್ಬಿ ಎಣಿಸಲು ಅದು ಸರಿ. ನನಗೆ ಬೇಕಾದ ಕೊನೆಯ ರೀಡ್ ಹುಟ್ಟುವುದೇ ಇಲ್ಲ. ಸೆಷನ್ 0 ಮಾಡಿದ ಮೇಲೆ ಒಂದೊಂದು ಟ್ಯಾಗ್ ಸೆಕೆಂಡಿಗೆ ಹತ್ತಾರು ಸಲ ಕೂಗತೊಡಗಿತು. ಎರಡೂ ಬದಿ ಒಂದೊಂದು ಆಂಟೆನಾ, ಬರುವವರ ಕಡೆ ಸ್ವಲ್ಪ ತಿರುಗಿಸಿ ಇಟ್ಟೆ. ಸಿಗ್ನಲ್ ಗೆರೆಗಿಂತ ತುಸು ಮೊದಲೇ ನಿಲ್ಲುತ್ತಿತ್ತು, ಅದಕ್ಕೆ ಆಂಟೆನಾವನ್ನೇ ಒಂದು ಮೊಳ ಆಚೆ ಸರಿಸಿದೆ.

ಇನ್ನು ನಮ್ಮ ಎರೆ ಮಣ್ಣು ಸುಮ್ಮನೆ ಬಿಡುತ್ತದೆಯೇ? ರಾತ್ರಿ ಮಳೆ ಬಂದು ನೆಲ ಉಬ್ಬಿತು, ಬೆಳಿಗ್ಗೆ ಎರಡೂ ಕಂಬ ಒಂದೊಂದು ದಿಕ್ಕಿಗೆ ವಾಲಿದ್ದವು, ಆಂಟೆನಾ ಆಕಾಶ ನೋಡುತ್ತಿತ್ತು. ಹಳೆ ಪೇಂಟ್ ಡಬ್ಬಿಗೆ ಕಾಂಕ್ರೀಟ್ ತುಂಬಿ ಕಂಬ ನಿಲ್ಲಿಸಿದ ಮೇಲೆ ಆ ಕಾಟ ತಪ್ಪಿತು. ಎತ್ತುವವರ ಸೊಂಟದ ಬಗ್ಗೆ ಕೇಳಬೇಡಿ.

ಪಿಡಿ ಸರ್‌ಗೆ ಇದೆಲ್ಲ ತಮಾಷೆ. 'ನಿಮ್ಮ ಮಷೀನ್ ಇರ್ಲಿ ಬಿಡ್ರಿ, ಮೊದ್ಲ ಹಗ್ಗ ಕಟ್ರಿ' ಅಂತಾರೆ. ಗೆರೆ ಆಚೆ ಹಗ್ಗದ ಓಣಿ, ಒಬ್ಬರ ಹಿಂದೆ ಒಬ್ಬರು, ಕೊನೆಯಲ್ಲಿ ಕೈಗೆ ನಂಬರ್ ಕಾರ್ಡ್. ಕಾರ್ಡ್‌ಗಳನ್ನು ಹಳೆ ಲಗ್ನಪತ್ರಿಕೆ ಕತ್ತರಿಸಿ ಮಾಡಿ, ತಂತಿಗೆ ಪೋಣಿಸಿದ್ದಾರೆ. 7ನೇ ಕಾರ್ಡಿನ ಹಿಂದೆ ಯಾರದೋ ಅಕ್ಷತೆ ಮುಹೂರ್ತ ಇದೆ. ನನ್ನ ಗೇಟ್ ಪಾಸೋ ಫೇಲೋ ಅಂತ ಹೇಳಿದ್ದು ಇದೇ ಕಾರ್ಡ್ ಸರ. ಮುಂದೆಯೂ ಹಗ್ಗ ತೆಗೆಯಲ್ಲ.

ನಡುವೆ ಮುಂದಿನ ಪ್ರಾಜೆಕ್ಟ್ ಹುಳ ಹೊಕ್ಕಿದೆ: ಸೈಕಲ್ ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ (ಚಕ್ರದ ಸುತ್ತು ಎಣಿಸಿ ದೂರ ಅಳೆಯುವ ಸಾಧನ) ಥರದ್ದು ಕಟ್ಟಿ 2 ಕಿ.ಮೀ. ಲೂಪ್ ಅಳೆಯಬೇಕು. ಇಲ್ಲಿ ಟೈರಿಗೆ ಎರೆ ಮಣ್ಣು ಮೆತ್ತಿದರೆ ಚಕ್ರದ ಸುತ್ತಳತೆಯೇ ಬದಲು. ಅದಕ್ಕೆ ಮೊದಲ ಪ್ರಯೋಗ ಬೀದರ್‌ನ ಕೆಂಪು ನೆಲದಲ್ಲಿ. ಕ್ರಾಸ್ ಕಂಟ್ರಿಗೆ ಇಷ್ಟು ಕರಾರುವಾಕ್ ಅಳತೆ ಬೇಕಾ ಅಂದರೆ, ಬೇಡ. ಆದರೂ ಮಾಡುತ್ತೇನೆ.

ಗೇಟ್‌ನಲ್ಲಿ ಉಳಿದದ್ದು ಒಂದೇ: ಮೂವರು ಹೆಗಲಿಗೆ ಹೆಗಲು ಕೊಟ್ಟು ಬಂದರೆ ನಡುವಿನವನು ಎರಡೂ ಆಂಟೆನಾಗೆ ಮರೆಯಾಗುತ್ತಾನೆ. ಸದ್ಯಕ್ಕೆ ಅಂಥ ಕಡೆ ಪ್ರೋಗ್ರಾಂ ಕೆಂಪು ಗುರುತು ಹಾಕುತ್ತದೆ, ನಾವು ಫೋನಿನ ಸೆಕೆಂಡಿಗೆ 240 ಫ್ರೇಮ್ ವಿಡಿಯೋ ನೋಡಿ ತೀರ್ಮಾನಿಸುತ್ತೇವೆ. ತಲೆ ಮೇಲೆ ಮೂರನೇ ಆಂಟೆನಾ ಹಾಕಬೇಕು. ಅದನ್ನು ಹಳೆ ಸಪ್ಲೈಯರ್ ಹತ್ತಿರ ಮಾತ್ರ ತಗೊಳ್ಳಲ್ಲ. ಯಾರ ಹತ್ತಿರವಾದರೂ 865ರದ್ದು, ನಿಜವಾಗಿ 865ರದ್ದು, ಇದ್ದರೆ ಹೇಳಿ.