ಹಳೆಯ ಗಾಜಿನ ಬೆಲೆ ಕೇಳುವವರಿಗೆ

"ಈ ಹೂದಾನಿಗೆ ಎಷ್ಟು ಬರಬಹುದು, ಈ ದೀಪಕ್ಕೆ ಎಷ್ಟು ಬೆಲೆ?" ಎಂದು ಫೋಟೋ ಕಳುಹಿಸಿ ಕೇಳುವವರು ಬಹಳ ಮಂದಿ. ತಯಾರಕರ ಹೆಸರಿರುವ ಭಾಗವನ್ನು ಹತ್ತಿರದಿಂದ ತೆಗೆದ ಫೋಟೋವೂ ಜೊತೆಗಿರುತ್ತದೆ. ಆದರೆ ನಾನು ಮೊದಲು ಕೇಳುವುದು ತಳದ ಫೋಟೋವನ್ನು, ಏಕೆಂದರೆ ಹೆಸರನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಕೆತ್ತಬಹುದು.

ಊದಿ ಮಾಡಿದ ಪಾತ್ರೆಯ ಬಾಯಿಯನ್ನು ತಿದ್ದುವಾಗ ಅದರ ತಳಕ್ಕೆ ಕಬ್ಬಿಣದ ಸರಳೊಂದನ್ನು ಅಂಟಿಸಿ ಹಿಡಿದಿರುತ್ತಾರೆ. ಕೆಲಸ ಮುಗಿದು ಸರಳನ್ನು ಬಿಡಿಸಿದಾಗ ತಳದ ನಡುವೆ ಒರಟು ಕಲೆಯೊಂದು ಉಳಿಯುತ್ತದೆ; ಮೇಲ್ದರ್ಜೆಯ ಸಾಮಾನಿನಲ್ಲಿ ಅದನ್ನು ಉಜ್ಜಿ ನಯಗೊಳಿಸಿರುವುದರಿಂದ ಬೆರಳಿಗೆ ಸಣ್ಣ ತಗ್ಗಷ್ಟೇ ಸಿಗುತ್ತದೆ. ಮೈಮೇಲೆ ಅಚ್ಚಿನ ಸಂದಿಯ ಗೆರೆ ಕಂಡರೆ ಅದು ಅಚ್ಚಿನಲ್ಲಿ ತಯಾರಾದದ್ದು. 1820ರ ದಶಕದಲ್ಲಿ ಅಮೆರಿಕದಲ್ಲಿ ಯಂತ್ರದಿಂದ ಗಾಜನ್ನು ಒತ್ತುವ ವಿಧಾನ ಬಂದ ಮೇಲೆ ಇಂಥವು ಹೇರಳವಾದವು. ಇವೆರಡೂ ತಯಾರಿಕೆಯ ಬಗೆಯನ್ನು ತಿಳಿಸುತ್ತವೆಯೇ ಹೊರತು ವಯಸ್ಸನ್ನಲ್ಲ. ವಯಸ್ಸಿಗೆ ಸವೆತವನ್ನು ನೋಡಬೇಕು. ದಶಕಗಳ ಕಾಲ ಎತ್ತಿ ಇಳಿಸಿದ ಪಾತ್ರೆಯ ತಳದಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ, ಮೇಜಿಗೆ ತಾಗುವ ಜಾಗದಲ್ಲಿ ಮಾತ್ರ, ಉದ್ದದಲ್ಲೂ ಆಳದಲ್ಲೂ ಒಂದಕ್ಕೊಂದು ಹೋಲದ ಗೀರುಗಳು ದಿಕ್ಕುದಿಕ್ಕಿಗೆ ಹರಡಿರುತ್ತವೆ. ಉಪ್ಪುಕಾಗದದಿಂದ ಉಜ್ಜಿ ಮುದಿಯಾಗಿಸಿದ್ದರೆ ಗೀರುಗಳು ಸಾಲಾಗಿ ಒಂದೇ ಕಡೆಗೆ ಓಡುತ್ತವೆ, ಮೇಜಿಗೆ ತಾಗಲು ಸಾಧ್ಯವೇ ಇಲ್ಲದ ತಗ್ಗಿನಲ್ಲೂ ಕಾಣುತ್ತವೆ.

ಇದಾದ ಮೇಲೆ ಹೆಸರು. ಫ್ರಾನ್ಸಿನ ಹೆಸರಾಂತ ಗಾಜಿನ ಕಲಾವಿದ ಎಮಿಲ್ ಗಾಲೆ 1904ರಲ್ಲಿ ತೀರಿಕೊಂಡ ಮೇಲೂ ಅವರ ಕಾರ್ಖಾನೆ ಅದೇ ಹೆಸರಿನಲ್ಲಿ ಗಾಜು ತಯಾರಿಸಿತು. ಇತ್ತೀಚಿನ ರೊಮೇನಿಯಾದ ಅನುಕರಣೆಗಳಲ್ಲಿ, ಇದು ಗಾಲೆ ಮಾದರಿಯದಷ್ಟೇ ಎಂದು ತಿಳಿಸಲು, ಹೆಸರಿನ ಪಕ್ಕ 'ಟಿಪ್' ಎಂದು ಬರೆದಿರುತ್ತಾರೆ. ಮಾರುವವರಲ್ಲಿ ಕೆಲವರು ಆ ಅಕ್ಷರಗಳನ್ನು ಉಜ್ಜಿ ತೆಗೆದುಬಿಡುತ್ತಾರೆ. ಹೆಸರಿನ ಅಕ್ಕಪಕ್ಕದ ಮೈ ಉಳಿದ ಭಾಗಕ್ಕಿಂತ ಬೇರೆಯಾಗಿ ಕಂಡರೆ ಅನುಮಾನಿಸಿ.

ನೇರಳಾತೀತ ಟಾರ್ಚಿನ ಬೆಳಕಿನಲ್ಲಿ ಹಸಿರಾಗಿ ಹೊಳೆಯಿತು, ಹಾಗಾದರೆ ಇದು ಹಳೆಯದೇ ಎಂದು ಸಂಭ್ರಮಿಸುವವರಿಗೆ ಒಂದು ಮಾತು. ಯುರೇನಿಯಂ ಬೆರೆತ ಗಾಜು ಪ್ರಖರವಾಗಿ ಹೊಳೆಯುವುದು ನಿಜ, ಆದರೆ ಮ್ಯಾಂಗನೀಸ್ ಇರುವ ಗಾಜೂ ಮಂದವಾಗಿ ಹಸಿರು ಬೀರಬಲ್ಲದು, ಯುರೇನಿಯಂ ಗಾಜು ಇಂದಿಗೂ ತಯಾರಾಗುತ್ತಿದೆ.

ಸೀಮೆಎಣ್ಣೆ ದೀಪಗಳ ಕಷ್ಟವೇ ಬೇರೆ. ಬತ್ತಿಯನ್ನು ಏರಿಸಿ ಇಳಿಸುವ ಗುಂಡಿಯ ಮೇಲಿನ ಹೆಸರು ಬಹಳ ಸಲ ಬರ್ನರ್ ತಯಾರಿಸಿದವರದು. ಎಣ್ಣೆಯ ಬುರುಡೆಯನ್ನು ಮಾಡಿದವರು ಬೇರೆಯವರಿರಬಹುದು. ಚಿಮಣಿ ಬೇಗ ಒಡೆಯುವ ವಸ್ತುವಾದ್ದರಿಂದ ಅದು ಆಮೇಲೆ ಸೇರಿದ್ದಾದರೂ ನಾನು ದೊಡ್ಡ ದೋಷವೆಂದು ಎಣಿಸುವುದಿಲ್ಲ. ಆದರೆ ಎರಡು ದೀಪಗಳ ಭಾಗಗಳನ್ನು ಜೋಡಿಸಿ ಒಂದು ಮಾಡಿದ್ದರೆ, ಅಥವಾ ವಿದ್ಯುತ್ ತಂತಿಗಾಗಿ ಬುರುಡೆಯನ್ನು ಕೊರೆದಿದ್ದರೆ, ಸಂಗ್ರಾಹಕರ ಆಸಕ್ತಿ ಅಲ್ಲಿಗೇ ಬತ್ತುತ್ತದೆ. ಹೂದಾನಿಯಾಗಲಿ ದೀಪವಾಗಲಿ, ಅಂಚಿನ ಸುತ್ತ ಉಗುರಾಡಿಸಿ ಚಕ್ಕೆ ಎದ್ದಿದೆಯೇ ನೋಡಿ. ಹೂದಾನಿಯಲ್ಲಿ ಬಹುಕಾಲ ನೀರು ನಿಂತು ಒಳಮೈ ಮಬ್ಬಾಗಿದ್ದರೆ, ಗಾಜೇ ಕೆಟ್ಟಿರುವುದರಿಂದ ಎಷ್ಟು ತೊಳೆದರೂ ಅದು ಹೋಗುವುದಿಲ್ಲ.

ಇಷ್ಟು ತಿಳಿದ ಮೇಲೆ ಬೆಲೆಯ ಮಾತು. ಜಾಹೀರಾತಿನಲ್ಲಿ ಕಾಣುವುದು ಮಾರುವವರ ಆಸೆ. ನಿಮಗೆ ಬೇಕಾದದ್ದು ಅದೇ ಬಗೆಯ, ಅದೇ ಸ್ಥಿತಿಯ ವಸ್ತು ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಮೊತ್ತ. ಹರಾಜು ಸಂಸ್ಥೆ ಪ್ರಕಟಿಸುವ ಮೊತ್ತದಲ್ಲಿ ಕೊಂಡವರು ತೆತ್ತ ಕಮಿಷನ್ನೂ ಸೇರಿರಬಹುದು, ಆದ್ದರಿಂದ ಮಾರಿದವರ ಕೈಗೆ ಅಷ್ಟು ಬಂದಿರುವುದಿಲ್ಲ.